ಜಹ್ರಾ ಕಾಜೆಮಿಯ ಸಾವು ಮತ್ತು ಅಣುಪರಿಶೀಲನೆಯ ರಾಜಕಾರಣ

ಇಸವಿ 2003ರ ಜೂನ್ 19ರಂದು ಆಸ್ಟ್ರಿಯದ ರಾಜಧಾನಿ ವಿಯೆನ್ನಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಡಳಿತ ಮಂಡಳಿಯು ಇರಾನ್ ದೇಶವನ್ನು ಕುರಿತು ಒಂದು ಹೇಳಿಕೆಯನ್ನು ಹೊರಡಿಸಿತು. ತನ್ನಲ್ಲಿರುವ ಯುರೇನಿಯಂನ ಲೆಕ್ಕವನ್ನು ಇರಾನ್ ಸರಿಯಾಗಿ ಒಪ್ಪಿಸಿಲ್ಲ, ಉಳಿದಿರುವ ಪ್ರಶ್ನೆಗಳಿಗೆ ತಡಮಾಡದೆ ಉತ್ತರ ಕೊಡಬೇಕು, ಇನ್ನೂ ಕಟ್ಟುನಿಟ್ಟಾದ ಪರಿಶೀಲನೆಗೆ ಸಹಿ ಹಾಕಬೇಕು ಎಂಬುದು ಅದರ ಸಾರ. ನಾಲ್ಕು ದಿನಗಳ ನಂತರ, ಜೂನ್ 23ರಂದು, ತೆಹರಾನ್ ನಗರದ ಉತ್ತರಕ್ಕಿರುವ ಎವಿನ್ ಕಾರಾಗೃಹದ ಎದುರು ಛಾಯಾಚಿತ್ರ ತೆಗೆಯುತ್ತಿದ್ದ ಐವತ್ತನಾಲ್ಕು ವರ್ಷದ ಪತ್ರಕರ್ತೆಯೊಬ್ಬರನ್ನು ಬಂಧಿಸಲಾಯಿತು. ಹದಿನೆಂಟು ದಿನಗಳು ಕಳೆಯುವಷ್ಟರಲ್ಲಿ ಅವರು ಬದುಕಿರಲಿಲ್ಲ.

ಈ ಎರಡು ಸಂಗತಿಗಳ ನಡುವೆ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಯುರೇನಿಯಂನ ಸಲುವಾಗಿ ಯಾರೂ ಆ ಮಹಿಳೆಯನ್ನು ಹಿಡಿಯಲಿಲ್ಲ. ಆದರೆ ಮುಂದಿನ ಹಲವು ವರ್ಷಗಳ ಕಾಲ ಒಂದೇ ಸರಕಾರದ ಮುಂದೆ ಹೊರಗಿನವರು ಇಟ್ಟ ಎರಡು ಬೇಡಿಕೆಗಳು ಇವೇ ಆಗಿದ್ದವು: ಲೋಹದ ಲೆಕ್ಕ ಕೊಡಿ, ಮನುಷ್ಯಳ ಲೆಕ್ಕ ಕೊಡಿ. ಮೊದಲನೆಯ ಬೇಡಿಕೆಯ ಹಿಂದೆ ಜಗತ್ತಿನ ಬಲವೆಲ್ಲ ನಿಂತಿತು. ಎರಡನೆಯದರ ಹಿಂದೆ ಒಬ್ಬ ಮಗ, ಒಬ್ಬ ವೃದ್ಧ ತಾಯಿ, ನಾಲ್ಕಾರು ವಕೀಲರು ಮತ್ತು ಒಂದು ದೇಶದ ವಿದೇಶಾಂಗ ಖಾತೆ ಮಾತ್ರ ನಿಂತರು. ಎರಡೂ ಎಲ್ಲಿಗೆ ಮುಟ್ಟಿದವು ಎಂಬುದನ್ನು ಒಟ್ಟಿಗೆ ನೋಡುವುದು ಇತಿಹಾಸದ ದೃಷ್ಟಿಯಿಂದ ಉಪಯುಕ್ತ.

ಜಹ್ರಾ ಕಾಜೆಮಿ ಶಿರಾಜ್ ಪಟ್ಟಣದಲ್ಲಿ ಹುಟ್ಟಿದವರು. 1974ರಲ್ಲಿ ಸಾಹಿತ್ಯ ಮತ್ತು ಚಲನಚಿತ್ರಗಳ ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ಹೋದರು. 1993ರಲ್ಲಿ ಮಗನೊಂದಿಗೆ ಕೆನಡಾಕ್ಕೆ ತೆರಳಿ ಮಾಂಟ್ರಿಯಲ್ ನಗರದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದರು. ಆಫ್ರಿಕ, ಪ್ಯಾಲೆಸ್ಟೈನ್, ಆಫ್ಘಾನಿಸ್ತಾನ, ಇರಾಕ್ ಮೊದಲಾದ ಕಡೆಗಳಲ್ಲಿ ತಿರುಗಿ, ಬಡವರ, ನಿರಾಶ್ರಿತರ, ಅದರಲ್ಲೂ ಹೆಂಗಸರ ಬದುಕನ್ನು ಚಿತ್ರಿಸಿದರು. ಕೆನಡಾದ ಪೌರತ್ವ ಬಂದರೂ ಇರಾನಿನ ಕಾನೂನಿನ ಕಣ್ಣಿಗೆ ಅವರು ಇರಾನಿನವರೇ. ಆ ದೇಶ ಇಮ್ಮಡಿ ಪೌರತ್ವವನ್ನು ಮಾನ್ಯ ಮಾಡುವುದಿಲ್ಲ. ಮುಂದೆ ಕೆನಡಾ ಕೇಳಿದ ಪ್ರತಿಯೊಂದು ಪ್ರಶ್ನೆಗೂ ತೆಹರಾನಿನ ಬಳಿ ಈ ಒಂದು ಉತ್ತರ ಸಿದ್ಧವಾಗಿತ್ತು.

ಅಣುಪರಿಶೀಲನೆ ಎಂದರೇನು ಎಂಬುದನ್ನು ವ್ಯಾಪಾರಸ್ಥರಿಗೆ ತಿಳಿಸಿ ಹೇಳುವುದು ಕಷ್ಟವಲ್ಲ. ವಿಜ್ಞಾನದ ವೇಷ ಕಳಚಿದರೆ ಅದು ಬಹುಮಟ್ಟಿಗೆ ದಾಸ್ತಾನಿನ ಲೆಕ್ಕವೇ. ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದ ದೇಶ ತನ್ನಲ್ಲಿರುವ ಯುರೇನಿಯಂ, ಪ್ಲುಟೋನಿಯಂಗಳ ಪ್ರಾರಂಭ ಶಿಲ್ಕು, ಒಳಬಂದದ್ದು, ಹೊರಹೋದದ್ದು, ಅಖೈರು ಶಿಲ್ಕು ಎಲ್ಲವನ್ನೂ ಬರೆದಿಟ್ಟು ವಿಯೆನ್ನಾದ ಸಂಸ್ಥೆಗೆ ಒಪ್ಪಿಸಬೇಕು. ಸಂಸ್ಥೆಯ ಪರಿಶೀಲಕರು ಬಂದು ಪುಸ್ತಕವನ್ನೂ ಉಗ್ರಾಣವನ್ನೂ ತಾಳೆ ನೋಡುತ್ತಾರೆ. ಬೀಗಕ್ಕೆ ಅರಗು ಹಚ್ಚುವಂತೆ ಪೀಪಾಯಿಗಳಿಗೆ ಮುದ್ರೆ ಹಾಕುತ್ತಾರೆ, ಕ್ಯಾಮೆರಾ ಇಡುತ್ತಾರೆ. ಅಡಿಕೆಯೋ ಮೆಣಸೋ ಒಣಗಿ ತೂಕ ಇಳಿಯುವುದನ್ನು ವ್ಯಾಪಾರಿ ಒಪ್ಪಿಕೊಳ್ಳುವಂತೆ ಅಲ್ಲಿಯೂ ಕೊಳವೆಗಳಲ್ಲಿ ಅಂಟಿಕೊಂಡು ಲೆಕ್ಕ ತಪ್ಪುವ ಅಲ್ಪಸ್ವಲ್ಪಕ್ಕೆ ಅವಕಾಶವುಂಟು. ಆದರೆ ಬಾಂಬಿಗೆ ಸಾಲುವಷ್ಟು ಕಾಣೆಯಾದರೆ ಗಂಟೆ ಬಾರಿಸಬೇಕು. ಸಂಸ್ಥೆ ಇಟ್ಟುಕೊಂಡಿರುವ ಗೆರೆ 8 ಕಿಲೋ ಪ್ಲುಟೋನಿಯಂ, ಅಥವಾ ಹೆಚ್ಚು ಸಂಪನ್ನಗೊಳಿಸಿದ ಯುರೇನಿಯಂನಲ್ಲಿರುವ 25 ಕಿಲೋ ಯುರೇನಿಯಂ–235.

ಈ ಪದ್ಧತಿಯ ಕೊರತೆ 1991ರ ಕೊಲ್ಲಿ ಯುದ್ಧದ ನಂತರ ಬಯಲಾಯಿತು. ಇರಾಕ್ ತೋರಿಸಿದ ಪುಸ್ತಕಗಳೆಲ್ಲ ಸರಿಯಾಗಿದ್ದವು. ತೋರಿಸದ ಪುಸ್ತಕಗಳು ಬೇರೆ ಇದ್ದವು. ಪರಿಶೀಲಕನಿಗೆ ಒಪ್ಪಿಸಿದ ಅಂಗಡಿಯನ್ನು ಮಾತ್ರ ನೋಡುವ ಅಧಿಕಾರ, ಪಕ್ಕದ ಗೋದಾಮಿನ ಬಾಗಿಲು ತಟ್ಟುವ ಅಧಿಕಾರವಿಲ್ಲ. ಇದಕ್ಕಾಗಿ 1997ರಲ್ಲಿ ಹೆಚ್ಚುವರಿ ಒಡಂಬಡಿಕೆಯೊಂದನ್ನು ರೂಪಿಸಲಾಯಿತು. ಅದಕ್ಕೆ ಸಹಿ ಹಾಕಿದವರು ಅಲ್ಪಾವಧಿಯ ತಿಳುವಳಿಕೆಯ ಮೇಲೆ, ಘೋಷಿಸದ ಜಾಗಗಳಿಗೂ ಪರಿಶೀಲಕರನ್ನು ಬಿಡಬೇಕು. ಗೋಡೆ, ಮೇಜು, ಯಂತ್ರಗಳನ್ನು ಹತ್ತಿಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ರಯೋಗಾಲಯಕ್ಕೆ ಕೊಂಡೊಯ್ಯಲು ಬಿಡಬೇಕು. ಕಣ್ಣಿಗೆ ಕಾಣದ ಕಣವೊಂದು ಆ ಬಟ್ಟೆಯಲ್ಲಿ ಸಿಕ್ಕರೂ ಅಲ್ಲಿ ಹಿಂದೆ ಏನು ನಡೆದಿತ್ತೆಂದು ಹೇಳಬಹುದು.

ಇರಾನಿನ ಅಣುಕಾರ್ಯ ಹೊಸದಲ್ಲ. ಷಾ ದೊರೆಯ ಕಾಲದಲ್ಲಿ, 1967ರಲ್ಲಿ, ಅಮೆರಿಕವೇ ತೆಹರಾನಿಗೆ 5 ಮೆಗಾವಾಟ್‌ನ ಸಂಶೋಧನಾ ಸ್ಥಾವರವನ್ನು ಕೊಟ್ಟಿತ್ತು. 1970ರಲ್ಲಿ ಇರಾನ್ ಪ್ರಸರಣ ನಿಷೇಧ ಒಪ್ಪಂದವನ್ನು ಸ್ಥಿರೀಕರಿಸಿತು, 1974ರಲ್ಲಿ ಅದರ ಸುರಕ್ಷತಾ ಒಪ್ಪಂದ ಜಾರಿಗೆ ಬಂದಿತು. ಬುಶೆಹರ್‌ನಲ್ಲಿ ಜರ್ಮನರು ಆರಂಭಿಸಿದ ವಿದ್ಯುತ್ ಸ್ಥಾವರ ಕ್ರಾಂತಿಯಿಂದ ನಿಂತು, ಇರಾಕಿನೊಡನೆ ನಡೆದ ಯುದ್ಧದಲ್ಲಿ ಹಾಳಾಗಿ, 1995ರಲ್ಲಿ ರಷ್ಯನ್ನರ ಕೈ ಸೇರಿತು. ಇದೆಲ್ಲ ಬಹಿರಂಗವಾಗಿಯೇ ನಡೆದ ವ್ಯವಹಾರ. 2002ರ ಆಗಸ್ಟಿನಲ್ಲಿ ದೇಶಭ್ರಷ್ಟ ವಿರೋಧಿ ಗುಂಪೊಂದು ನತಾಂಜ್ ಮತ್ತು ಅರಾಕ್ ಎಂಬ ಎರಡು ಊರುಗಳಲ್ಲಿ ಬೇರೊಂದು ಕೆಲಸ ನಡೆಯುತ್ತಿದೆ ಎಂದು ಸಾರಿದಾಗ ಚಿತ್ರ ಬದಲಾಯಿತು. 2003ರ ಫೆಬ್ರವರಿಯಲ್ಲಿ ಸಂಸ್ಥೆಯ ಮಹಾನಿರ್ದೇಶಕ ಮೊಹಮ್ಮದ್ ಎಲ್ ಬರಾದೈ ನತಾಂಜ್‌ಗೆ ಹೋಗಿ ನೋಡಿದರು. ಐವತ್ತು ಸಾವಿರಕ್ಕೂ ಹೆಚ್ಚು ಸೆಂಟ್ರಿಫ್ಯೂಜ್ ಯಂತ್ರಗಳನ್ನು ಹಿಡಿಸುವ ನೆಲಮಾಳಿಗೆಗಳು ಅಲ್ಲಿ ಸಿದ್ಧವಾಗುತ್ತಿದ್ದವು. 1991ರಲ್ಲಿ ಚೀನದಿಂದ ತರಿಸಿದ್ದ 1.8 ಟನ್ ಯುರೇನಿಯಂ ಯಾವ ಲೆಕ್ಕದಲ್ಲೂ ಬಂದಿರಲಿಲ್ಲವೆಂದು ಜೂನ್ ತಿಂಗಳ ವರದಿ ಹೇಳಿತು.

ತೆಹರಾನಿನ ಒಳಗೆ ಅದೇ ಜೂನ್ ತಿಂಗಳು ಬೇರೆ ರೀತಿಯಲ್ಲಿ ಬಿಸಿಯಾಗಿತ್ತು. ವಿಶ್ವವಿದ್ಯಾಲಯಗಳನ್ನು ಖಾಸಗಿಯವರಿಗೆ ವಹಿಸುತ್ತಾರೆಂಬ ಸುದ್ದಿಯಿಂದ ಹತ್ತನೆಯ ತಾರೀಖಿನ ಸುಮಾರಿಗೆ ಮೊದಲಾದ ವಿದ್ಯಾರ್ಥಿಗಳ ಪ್ರತಿಭಟನೆ ಆಳುವವರ ವಿರುದ್ಧ ಘೋಷಣೆಯಾಗಿ ತಿರುಗಿತು. ದೇಶದಾದ್ಯಂತ ನಾಲ್ಕು ಸಾವಿರದಷ್ಟು ಜನರನ್ನು ಬಂಧಿಸಲಾಯಿತೆಂದು ಇರಾನಿನ ಮಹಾ ಅಭಿಯೋಜಕರೇ ಹೇಳಿದರು. ಒಳಗೆ ಹೋದ ಮಕ್ಕಳ ಸುಳಿವು ತಿಳಿಯದ ತಂದೆತಾಯಿಗಳು ಎವಿನ್ ಬಾಗಿಲಿನ ಮುಂದೆ ಬಂದು ನಿಲ್ಲತೊಡಗಿದರು. ಕಾಜೆಮಿ ಚಿತ್ರ ತೆಗೆಯುತ್ತಿದ್ದುದು ಆ ಮನೆಮಂದಿಯನ್ನು. ಅವರ ಬಳಿ ಇರಾನಿನ ಸಂಸ್ಕೃತಿ ಖಾತೆಯೇ ಕೊಟ್ಟ ಪತ್ರಕರ್ತೆಯ ಗುರುತುಚೀಟಿ ಇತ್ತು. ಕಾರಾಗೃಹದ ಪರಿಸರದಲ್ಲಿ ಛಾಯಾಗ್ರಹಣ ನಿಷಿದ್ಧ ಎಂಬ ಕಾರಣ ಹೇಳಿ ಅವರನ್ನು ಹಿಡಿದರು. ಅಲ್ಲಿಂದ ಅವರು ಅಭಿಯೋಜಕರ ಕಚೇರಿ, ಪೊಲೀಸ್, ಗುಪ್ತಚರ ಖಾತೆ ಹೀಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಸಾಗಿದರು. ನಾಲ್ಕನೆಯ ದಿನದ ರಾತ್ರಿ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಬಖಿಯತಲ್ಲಾ ಸೇನಾ ಆಸ್ಪತ್ರೆಯನ್ನು ಸೇರಿದರು. ಮತ್ತೆ ಅವರಿಗೆ ಎಚ್ಚರವಾಗಲಿಲ್ಲ.

ಜುಲೈ 9ರಂದು ಎಲ್ ಬರಾದೈ ತೆಹರಾನಿಗೆ ಬಂದರು. ಅಧ್ಯಕ್ಷ ಮೊಹಮ್ಮದ್ ಖತಾಮಿ ಮೊದಲಾದವರನ್ನು ಕಂಡು, ಹೆಚ್ಚುವರಿ ಒಡಂಬಡಿಕೆಗೆ ಸಹಿ ಹಾಕಿರೆಂದು ಒತ್ತಾಯಿಸಿದರು. 1999ರಲ್ಲಿ ವಿದ್ಯಾರ್ಥಿನಿಲಯದ ಮೇಲೆ ನಡೆದ ದಾಳಿಯ ವಾರ್ಷಿಕ ದಿನವೂ ಅದೇ ಆದ್ದರಿಂದ ನಗರದಲ್ಲಿ ಕಾವಲು ಬಿಗಿಯಾಗಿತ್ತು. ಕಾಜೆಮಿ ಅದೇ ನಗರದ ಆಸ್ಪತ್ರೆಯ ಹಾಸಿಗೆಯಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದರು. ವಿಯೆನ್ನಾದಿಂದ ಬಂದವರಿಗೆ ಆ ವಿಷಯದಲ್ಲಿ ಕೇಳುವ ಅಧಿಕಾರವಿರಲಿಲ್ಲ, ಅವರ ಕೆಲಸ ಯುರೇನಿಯಂಗೆ ಸಂಬಂಧಿಸಿದ್ದು. ಜುಲೈ 11ರಂದು ಮರಣದ ಸುದ್ದಿ ಬಂದಿತು.

ಸರಕಾರ ಮೊದಲು ಕೊಟ್ಟ ವಿವರಣೆ ಮೆದುಳಿನ ಆಘಾತ ಎಂದು. ವಿಚಾರಣೆಯ ನಡುವೆ ಆಕೆಗೆ ಮೈ ಸರಿಯಿಲ್ಲದಂತಾಯಿತು, ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ ಎಂಬಂತೆ ಪ್ರಕಟಣೆ ಹೊರಟಿತು. ಈ ಮಾತು ಒಂದು ವಾರವೂ ನಿಲ್ಲಲಿಲ್ಲ. ಅದನ್ನು ಕೆಡವಿದವರು ಹೊರಗಿನವರಲ್ಲ, ಇರಾನಿನವರೇ ಎಂಬುದು ಗಮನಿಸತಕ್ಕ ಅಂಶ. ಖತಾಮಿ ಐವರು ಮಂತ್ರಿಗಳ ಸಮಿತಿಯನ್ನು ನೇಮಿಸಿದರು. ಉಪಾಧ್ಯಕ್ಷ ಮೊಹಮ್ಮದ್ ಅಲಿ ಅಬ್ತಾಹಿ, ಪೆಟ್ಟಿನಿಂದ ಮೆದುಳಿನಲ್ಲಿ ರಕ್ತಸ್ರಾವವಾಗಿ ಆಕೆ ಸತ್ತರೆಂದು ಪತ್ರಕರ್ತರ ಮುಂದೆಯೇ ಒಪ್ಪಿಕೊಂಡರು. ಸಮಿತಿಯ ವರದಿ ತಲೆಬುರುಡೆ ಬಿರಿದಿತ್ತೆಂದು ದಾಖಲಿಸಿತು. ಗಟ್ಟಿವಸ್ತು ತಲೆಗೆ ಬಡಿಯಿತೋ, ತಲೆಯೇ ಗಟ್ಟಿವಸ್ತುವಿಗೆ ಬಡಿಯಿತೋ ಎಂಬುದನ್ನು ಮಾತ್ರ ಅದು ತೀರ್ಮಾನಿಸಲಿಲ್ಲ. ಹೊಡೆದವನಿಗೂ ಬಿದ್ದವಳಿಗೂ ಸಮವಾಗಿ ಒದಗುವ ವಾಕ್ಯ ಅದು. ಮುಂದಿನ ನ್ಯಾಯಾಲಯಗಳೆಲ್ಲ ಆ ವಾಕ್ಯದ ಸಂದಿನಲ್ಲೇ ನುಸುಳಿಕೊಂಡವು.

ಮಗ ಮಾಂಟ್ರಿಯಲ್‌ನಲ್ಲಿದ್ದ. ತಾಯಿಯ ದೇಹವನ್ನು ಕೆನಡಾಕ್ಕೆ ಕಳಿಸಬೇಕು, ಅಲ್ಲಿ ಸ್ವತಂತ್ರವಾಗಿ ಶವಪರೀಕ್ಷೆ ನಡೆಯಬೇಕು ಎಂಬುದು ಆತನ ಕೋರಿಕೆ. ಇರಾನಿನ ಸರಕಾರ ಜುಲೈ 22ರಂದು ಶಿರಾಜಿನಲ್ಲಿ ದಫನ ಮುಗಿಸಿತು. ತಾಯಿಯ ಒಪ್ಪಿಗೆ ಇದೆ ಎಂದು ಹೇಳಿಕೊಂಡಿತು. ಒತ್ತಡ ಹೇರಿ ತನ್ನಿಂದ ಒಪ್ಪಿಗೆ ಪಡೆದರೆಂದು ಆ ವೃದ್ಧೆ ನಂತರ ಹೇಳಿದರು. ಮಾರನೆಯ ದಿನವೇ ಕೆನಡಾ ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ಅದೇ ತಿಂಗಳು ಕೆನಡಾದ ವ್ಯಾಂಕೂವರ್ ಪ್ರದೇಶದಲ್ಲಿ ಇರಾನ್ ಮೂಲದ ತರುಣನೊಬ್ಬ ಪೊಲೀಸರ ಗುಂಡಿಗೆ ಬಲಿಯಾಗಿದ್ದ. ತೆಹರಾನ್ ಅದನ್ನೆತ್ತಿ ಮರುಪ್ರಶ್ನೆ ಹಾಕಿತು. ಆ ಸಾವಿಗೂ ವಿವರಣೆ ಬೇಕಿತ್ತು, ನಿಜ. ಆದರೆ ಒಂದು ಮನೆಯ ದುಃಖವನ್ನು ಇನ್ನೊಂದು ಮನೆಯ ದುಃಖಕ್ಕೆ ಜಮಾಖರ್ಚು ಹಾಕಿ ಲೆಕ್ಕ ಚುಕ್ತಾ ಮಾಡುವುದು ರಾಯಭಾರಿಗಳ ಲೋಕದಲ್ಲಿ ಮಾತ್ರ ಸಲ್ಲುವ ಪದ್ಧತಿ.

ಅತ್ತ ಅಣುಶಕ್ತಿಯ ಕಡತ ವೇಗವಾಗಿ ಸಾಗುತ್ತಿತ್ತು. ತೆಹರಾನಿನ ಕಲಾಯೆ ಎಲೆಕ್ಟ್ರಿಕ್ ಎಂಬ ಕಾರ್ಯಾಗಾರವೊಂದಿತ್ತು. ಗಡಿಯಾರದ ಕಾರ್ಖಾನೆಯೆಂದು ಅದರ ಹೆಸರು. ಪರಿಶೀಲಕರು ಅಲ್ಲಿಯ ಗೋಡೆಗಳನ್ನು ಒರೆಸಿ ನೋಡಲು ಮಾರ್ಚ್ ತಿಂಗಳಿಂದ ಕೇಳುತ್ತಿದ್ದರು. ಆಗಸ್ಟಿನಲ್ಲಿ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಒಳಗನ್ನೆಲ್ಲ ಬಹಳವಾಗಿ ಮಾರ್ಪಡಿಸಲಾಗಿತ್ತು. ಆದರೂ ಬಟ್ಟೆಯಲ್ಲಿ ಕಣಗಳು ಸಿಕ್ಕವು. 1998ರಿಂದ 2002ರವರೆಗೆ ಅಲ್ಲಿ ಸೆಂಟ್ರಿಫ್ಯೂಜ್‌ಗಳನ್ನು ಪರೀಕ್ಷಿಸಿದ್ದನ್ನು ಇರಾನ್ ಅಕ್ಟೋಬರಿನಲ್ಲಿ ಒಪ್ಪಬೇಕಾಯಿತು. ಸೆಪ್ಟೆಂಬರ್ 12ರಂದು ವಿಯೆನ್ನಾ ಮಂಡಳಿ ಅಕ್ಟೋಬರ್ 31ರ ಗಡುವು ವಿಧಿಸಿ ನಿರ್ಣಯ ಮಾಡಿತು, ಇರಾನಿನ ಪ್ರತಿನಿಧಿ ಸಭೆಯಿಂದ ಎದ್ದು ಹೊರನಡೆದರು. ಆ ನಿರ್ಣಯವನ್ನು ಮಂಡಿಸಿದ ಮೂರು ದೇಶಗಳು ಆಸ್ಟ್ರೇಲಿಯ, ಜಪಾನ್ ಮತ್ತು ಕೆನಡಾ. ಜುಲೈನಲ್ಲಿ ಒಬ್ಬ ಪ್ರಜೆಯ ಸಾವಿನ ಬಗ್ಗೆ ಪ್ರಶ್ನೆ ಕೇಳಿದ ದೇಶವೇ ಸೆಪ್ಟೆಂಬರಿನಲ್ಲಿ ಯುರೇನಿಯಂನ ಬಗ್ಗೆ ಗಡುವು ಹಾಕಿದಾಗ, ಎರಡನ್ನೂ ಒಂದೇ ಹಗೆತನದ ಎರಡು ಮುಖಗಳೆಂದು ಬಣ್ಣಿಸುವುದು ತೆಹರಾನಿನ ಕಟ್ಟಾ ಸಂಪ್ರದಾಯಸ್ಥರಿಗೆ ಸುಲಭವಾಯಿತು.

ಅಕ್ಟೋಬರ್ 21ರಂದು ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿಯ ವಿದೇಶಾಂಗ ಮಂತ್ರಿಗಳು ಮೂವರೂ ಒಟ್ಟಾಗಿ ತೆಹರಾನಿಗೆ ಬಂದಿಳಿದರು. ಇರಾನ್ ಯುರೇನಿಯಂ ಸಂಪನ್ನತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು, ಹೆಚ್ಚುವರಿ ಒಡಂಬಡಿಕೆಗೆ ಸಹಿ ಹಾಕಲು ಒಪ್ಪಿತು. ಡಿಸೆಂಬರ್ 18ರಂದು ವಿಯೆನ್ನಾದಲ್ಲಿ ಸಹಿಯೂ ಆಯಿತು. ಯುದ್ಧವಿಲ್ಲದೆ, ಮಾತಿನಿಂದಲೇ ಇಷ್ಟು ಸಾಧಿಸಿದ್ದು ಸಣ್ಣ ಕೆಲಸವಲ್ಲ. ಪಕ್ಕದ ಇರಾಕಿನಲ್ಲಿ ಆ ವರ್ಷ ನಡೆದುದನ್ನು ನೆನೆದರೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಂದು ಹೊರಬಿದ್ದ ಜಂಟಿ ಹೇಳಿಕೆಯಲ್ಲಿ ಕಾಜೆಮಿಯ ಹೆಸರಿರಲಿಲ್ಲ ಎಂಬುದೂ ಅಷ್ಟೇ ನಿಜ. ಮೂವರು ಮಂತ್ರಿಗಳು ಬರುವ ಹನ್ನೊಂದು ದಿನ ಮುಂಚೆ ಇರಾನಿನ ವಕೀಲೆ ಶಿರಿನ್ ಎಬಾದಿಯವರಿಗೆ ನೊಬೆಲ್ ಶಾಂತಿ ಪುರಸ್ಕಾರ ಘೋಷಣೆಯಾಗಿತ್ತು. ಕಾಜೆಮಿಯ ತಾಯಿಯ ಪರವಾಗಿ ವಕಾಲತ್ತು ವಹಿಸಿಕೊಂಡವರು ಅವರೇ.

ಅದೇ ಅಕ್ಟೋಬರಿನಲ್ಲಿ ಇರಾನಿನ ಸಂಸತ್ತಿನ ದೂರು ವಿಚಾರಣಾ ಆಯೋಗ, ಅಂದರೆ ಸಂವಿಧಾನದ 90ನೆಯ ವಿಧಿಯ ಆಯೋಗ, ತನ್ನ ವರದಿಯನ್ನು ಓದಿಸಿತು. ತೆಹರಾನಿನ ಅಭಿಯೋಜಕ ಸಯೀದ್ ಮೊರ್ತಜಾವಿಯತ್ತ ಅದು ನೇರವಾಗಿ ಬೆರಳು ತೋರಿಸಿತು. ಡಜನುಗಟ್ಟಲೆ ಪತ್ರಿಕೆಗಳಿಗೆ ಬೀಗ ಹಾಕಿಸಿ ಹೆಸರಾಗಿದ್ದ ಈತ ಕಾಜೆಮಿಯನ್ನು ಬಂಧನದಲ್ಲಿರಿಸಲೇಬೇಕೆಂದು ಪಟ್ಟು ಹಿಡಿದಿದ್ದ. ಮೆದುಳಿನ ಆಘಾತದ ಕಥೆಯೂ ಆತನ ಒತ್ತಡದಿಂದಲೇ ಹೊರಬಂದಿತ್ತು. ಚುನಾಯಿತ ಪ್ರತಿನಿಧಿಗಳು ತಮ್ಮದೇ ದೇಶದ ಪ್ರಬಲ ಅಧಿಕಾರಿಯ ವಿರುದ್ಧ ಹೀಗೆ ಸಭೆಯಲ್ಲಿ ನಿಂತು ಓದಿದ್ದು ಸಾಹಸವೇ ಸರಿ. ಮುಂದಿನ ಫೆಬ್ರವರಿಯ ಚುನಾವಣೆಯಲ್ಲಿ ಸುಧಾರಣಾವಾದಿಗಳ ಪೈಕಿ ಬಹುಪಾಲು ಜನರನ್ನು ಸ್ಪರ್ಧಿಸಲೇ ಬಿಡಲಿಲ್ಲ.

ಮೊಕದ್ದಮೆಯ ಕಥೆ ಚಿಕ್ಕದು. ಗುಪ್ತಚರ ಖಾತೆಯ ಒಬ್ಬ ಕೆಳದರ್ಜೆಯ ನೌಕರನ ಮೇಲೆ ಆರೋಪ ಹೊರಿಸಲಾಯಿತು. ತನ್ನ ನೌಕರ ನಿರಪರಾಧಿ, ಹೊಡೆದವನು ನ್ಯಾಯಾಂಗದ ಕಡೆಯವನೆಂದು ಆ ಖಾತೆಯೇ ಬಹಿರಂಗವಾಗಿ ಪ್ರತಿಭಟಿಸಿತು. ಎಬಾದಿ ಮತ್ತು ಸಂಗಡಿಗರೂ ಕಾರಾಗೃಹದ ಅಧಿಕಾರಿಯೊಬ್ಬನತ್ತ ಬೊಟ್ಟು ಮಾಡಿ, ಸಾಕ್ಷಿಗಳನ್ನು ಕರೆಸಬೇಕೆಂದು ಕೇಳಿದರು. 2004ರ ಜುಲೈನಲ್ಲಿ ಎರಡೇ ದಿನದ ವಿಚಾರಣೆ ನಡೆಸಿ ನ್ಯಾಯಾಧೀಶರು ಪುಸ್ತಕ ಮುಚ್ಚಿದರು. ಎರಡನೆಯ ದಿನ ವಿದೇಶೀ ವೀಕ್ಷಕರಿಗೆ ಪ್ರವೇಶವಿರಲಿಲ್ಲ. ಕೆನಡಾ ಮತ್ತೊಮ್ಮೆ ರಾಯಭಾರಿಯನ್ನು ಕರೆಸಿಕೊಂಡಿತು. ಜುಲೈ 24ರಂದು ಆರೋಪಿ ಖುಲಾಸೆಯಾದ. ಕೊಂದವನು ಯಾರೆಂದು ತಿಳಿಯದ ಕಾರಣ ಸರಕಾರದ ಬೊಕ್ಕಸದಿಂದಲೇ ರಕ್ತಪರಿಹಾರ ಕೊಡಬೇಕೆಂದು ತೀರ್ಪಾಯಿತು. ಆ ದೇಶದ ಕಾನೂನಿನಂತೆ ಹೆಂಗಸಿನ ಪ್ರಾಣಕ್ಕೆ ನಿಗದಿಯಾದ ಮೊತ್ತ ಗಂಡಸಿನದರ ಅರ್ಧ. ಕೆಲವೇ ದಿನಗಳಲ್ಲಿ ನ್ಯಾಯಾಂಗದಿಂದ ಹೊಸ ವಿವರಣೆ ಬಂದಿತು: ಉಪವಾಸದಿಂದ ರಕ್ತದೊತ್ತಡ ಇಳಿದು, ಆಕೆ ತಾನಾಗಿ ಬಿದ್ದು ತಲೆ ಒಡೆದುಕೊಂಡಳು.

2005ರ ಮಾರ್ಚ್ 31ರಂದು ಶಹ್ರಾಮ್ ಆಜಂ ಎಂಬ ವೈದ್ಯ ಕೆನಡಾದಲ್ಲಿ ಪತ್ರಕರ್ತರ ಮುಂದೆ ಬಂದ. ಇರಾನಿನ ರಕ್ಷಣಾ ಖಾತೆಯ ನೌಕರಿಯಲ್ಲಿದ್ದು, ದೇಶ ಬಿಟ್ಟು ಆಶ್ರಯ ಪಡೆದಿದ್ದ ಈತ, ಆಸ್ಪತ್ರೆಗೆ ತಂದ ರಾತ್ರಿ ಕಾಜೆಮಿಯನ್ನು ಪರೀಕ್ಷಿಸಿದ್ದು ತಾನೇ ಎಂದ. ಒಡೆದ ಬುರುಡೆ, ಮುರಿದ ಬೆರಳುಗಳು, ಕಿತ್ತ ಉಗುರುಗಳು, ಅತ್ಯಾಚಾರದ ಗುರುತುಗಳು ಎಂದು ಪಟ್ಟಿ ಕೊಟ್ಟ. ಇರಾನ್ ಇದನ್ನು ಅಲ್ಲಗಳೆಯಿತು. ಸತ್ಯಾಸತ್ಯವನ್ನು ತೀರ್ಮಾನಿಸಬಲ್ಲ ಒಂದೇ ಸಾಕ್ಷಿ ಶಿರಾಜಿನ ಮಣ್ಣಿನಲ್ಲಿತ್ತು. ಆ ಮಣ್ಣನ್ನು ಒರೆಸಿ ನೋಡುವ ಬಟ್ಟೆ ಯಾರ ಕೈಯಲ್ಲೂ ಇರಲಿಲ್ಲ. ಮೇ ತಿಂಗಳಲ್ಲಿ ಕೆನಡಾ ತನ್ನ ವ್ಯವಹಾರವನ್ನು ಇನ್ನೂ ಬಿಗಿಗೊಳಿಸಿ, ಇರಾನಿನೊಡನೆ ಮಾತನಾಡುವುದಾದರೆ ಕಾಜೆಮಿ ಪ್ರಕರಣ, ಮಾನವಹಕ್ಕು, ಅಣುಕಾರ್ಯ ಮತ್ತು ಆ ಪ್ರದೇಶದಲ್ಲಿ ಇರಾನಿನ ಪಾತ್ರ ಇವಿಷ್ಟರ ಬಗ್ಗೆ ಮಾತ್ರ ಎಂದು ಸಾರಿತು.

ಎರಡು ಕಡತಗಳು ಒಂದಕ್ಕೊಂದು ನಿಜವಾಗಿ ತಗುಲಿದ್ದು ಆ ಬೇಸಗೆಯಲ್ಲಿ, ಅದೂ ಒಬ್ಬ ವಕೀಲನ ಮೈಮೇಲೆ. ಅಬ್ದುಲ್‌ಫತ್ತಾ ಸುಲ್ತಾನಿ ಎಬಾದಿಯವರ ಜೊತೆಗಾರರಾಗಿ ಕಾಜೆಮಿಯ ತಾಯಿಯ ಪರ ವಾದಿಸಿದವರು. ಅಣುಗೂಢಚರ್ಯೆಯ ಆಪಾದನೆ ಹೊತ್ತ ಕೆಲವರ ಪರವಾಗಿಯೂ ಅವರು ವಕಾಲತ್ತು ಹಾಕಿದ್ದರು. 2005ರ ಜುಲೈ ಕೊನೆಗೆ, ಕಾಜೆಮಿ ಪ್ರಕರಣದ ಮೇಲ್ಮನವಿಯ ವಿಚಾರಣೆ ನಡೆದ ಬೆನ್ನಿಗೇ, ಗೂಢಚರ್ಯೆಯ ಪ್ರಕರಣದ ಮಾಹಿತಿಯನ್ನು ಹೊರಗೆಡಹಿದರೆಂದು ಆಪಾದಿಸಿ ಅವರನ್ನೇ ಹಿಡಿದು ಎವಿನ್‌ಗೆ ತಳ್ಳಿದರು. ಏಳು ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡು ಜಾಮೀನಿನ ಮೇಲೆ ಬಿಟ್ಟರು. 2007ರಲ್ಲಿ ಎಲ್ಲ ಆರೋಪಗಳಿಂದ ಮುಕ್ತರಾದರು. ರಾಷ್ಟ್ರದ ರಹಸ್ಯವೆಂಬ ಪರದೆ ಎಷ್ಟು ಅಗಲ ಎಂಬುದಕ್ಕೆ ಇದು ಉದಾಹರಣೆ. ಯುರೇನಿಯಂ ಮುಚ್ಚಲು ನೇಯ್ದ ಬಟ್ಟೆಯನ್ನೇ ಬಂದೀಖಾನೆಯ ಕೋಣೆಗೂ ಎಳೆದು ಹೊದಿಸಬಹುದು.

ಹೊರಗಿನವರ ಒತ್ತಡ ಒಂದು ವಿಷಯದಲ್ಲಿ ಫಲ ಕೊಟ್ಟು ಇನ್ನೊಂದರಲ್ಲಿ ಸೋತದ್ದೇಕೆ? ಪಾಶ್ಚಾತ್ಯರ ಕಪಟ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಅಣುಶಕ್ತಿಯ ವಿಷಯದಲ್ಲಿ ಇರಾನ್ ತಾನೇ ಸಹಿ ಹಾಕಿದ ಒಪ್ಪಂದವಿತ್ತು, ಸಂಬಳ ಪಡೆಯುವ ಪರಿಶೀಲಕರಿದ್ದರು, ತಪ್ಪಿದರೆ ಭದ್ರತಾ ಮಂಡಳಿಯವರೆಗೆ ಹೋಗುವ ಮೆಟ್ಟಿಲುಗಳಿದ್ದವು. ಬಂದಿಯ ವಿಷಯದಲ್ಲಿ ಏನಿತ್ತು? ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದವನ್ನು ಇರಾನ್ 1975ರಲ್ಲೇ ಸ್ಥಿರೀಕರಿಸಿತ್ತು. ಆದರೆ ಅದರಡಿಯಲ್ಲಿ ಎವಿನ್ ಬಾಗಿಲು ತಟ್ಟಬಲ್ಲ ಅಧಿಕಾರಿ ಯಾರೂ ಇರಲಿಲ್ಲ. ಕಾರಾಗೃಹಗಳಿಗೆ ಪರಿಶೀಲಕರನ್ನು ಕಳಿಸುವ ಏರ್ಪಾಡು ಇಲ್ಲದೇ ಇಲ್ಲ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಸೇರಿದ ಐಚ್ಛಿಕ ಒಡಂಬಡಿಕೆಯನ್ನು ವಿಶ್ವಸಂಸ್ಥೆ 2002ರ ಡಿಸೆಂಬರ್ 18ರಂದು ಅಂಗೀಕರಿಸಿತು, ಇರಾನ್ ಅಣುಒಡಂಬಡಿಕೆಗೆ ಸಹಿ ಹಾಕುವುದಕ್ಕೆ ಸರಿಯಾಗಿ ಒಂದು ವರ್ಷ ಮೊದಲು. ಇರಾನ್ ಅದಕ್ಕೆ ಸೇರಲಿಲ್ಲ. ಅಮೆರಿಕವೂ ಸೇರಲಿಲ್ಲ. ಕಾಜೆಮಿಯ ಪರವಾಗಿ ನಿಂತ ಕೆನಡಾ ಕೂಡ ಅದನ್ನು ಸ್ಥಿರೀಕರಿಸಲಿಲ್ಲ. ಭಾರತವಂತೂ 1997ರಲ್ಲಿ ಮೂಲ ಒಪ್ಪಂದಕ್ಕೆ ಸಹಿ ಹಾಕಿ, ಸ್ಥಿರೀಕರಿಸದೆ ಅಲ್ಲಿಗೇ ಬಿಟ್ಟಿತು. ಬಂಧನದ ಕಾಲದಲ್ಲಿ ಪೊಲೀಸರು ಪಾಲಿಸಬೇಕಾದ ನಿಯಮಗಳನ್ನು 1996ರಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಬರೆದುಕೊಡಬೇಕಾಯಿತು. ಪರರ ಉಗ್ರಾಣ ತೆರೆಸುವುದರಲ್ಲಿ ರಾಷ್ಟ್ರಗಳಿಗಿರುವ ಆಸಕ್ತಿ ತಮ್ಮ ಲಾಕಪ್ಪಿನ ಬಾಗಿಲು ತೆರೆಯುವುದರಲ್ಲಿ ಕಾಣುವುದಿಲ್ಲ. ಕೆನಡಾದ ದನಿ ತೆಹರಾನಿನಲ್ಲಿ ಅಷ್ಟು ದೂರ ಕೇಳಿಸದಿದ್ದುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಬೇಕು.

ಭಾರತಕ್ಕೆ ಈ ಕಥೆಯಲ್ಲಿ ಚಿಕ್ಕದಾದರೂ ಒಂದು ಪಾತ್ರವುಂಟು. 1974ರ ಪೋಖ್ರಾನ್ ಸ್ಫೋಟಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು ಕೆನಡಾ ಶಾಂತಿಕಾರ್ಯಕ್ಕೆಂದು ಕೊಟ್ಟಿದ್ದ ಸೈರಸ್ ಸ್ಥಾವರದಿಂದ. ಅಂದಿನಿಂದ ಅಣುಪರಿಶೀಲನೆಯ ವಿಷಯದಲ್ಲಿ ಕೆನಡಾ ಬಿಸಿಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು. (ಉತ್ತರ ಕನ್ನಡದ ಕೈಗಾದಲ್ಲಿರುವ ಸ್ಥಾವರಗಳ ವಿನ್ಯಾಸದ ಮೂಲವೂ ಕೆನಡಾದ ಕ್ಯಾಂಡು ಮಾದರಿಯೇ.) 2005ರ ಜುಲೈನಲ್ಲಿ ಅಮೆರಿಕದೊಡನೆ ಅಣುಸಹಕಾರದ ಮಾತಾದ ಮೇಲೆ, ಸೆಪ್ಟೆಂಬರ್ 24ರಂದು ವಿಯೆನ್ನಾ ಮಂಡಳಿಯಲ್ಲಿ ಭಾರತ ಇರಾನಿನ ವಿರುದ್ಧ ಮತ ಹಾಕಿತು. 2006ರ ಫೆಬ್ರವರಿ 4ರಂದು ಪ್ರಕರಣವನ್ನು ಭದ್ರತಾ ಮಂಡಳಿಗೆ ಕಳಿಸುವ ನಿರ್ಣಯಕ್ಕೂ ಬೆಂಬಲ ಕೊಟ್ಟಿತು. ಅಂದು ಪರವಾಗಿ 27, ವಿರೋಧವಾಗಿ 3 ಮತಗಳು ಬಿದ್ದವು. ಇತ್ತ 2003ರಿಂದ ಕೆನಡಾ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ವರ್ಷವರ್ಷವೂ ತರುತ್ತಿದ್ದ ಇರಾನಿನ ಮಾನವಹಕ್ಕು ನಿರ್ಣಯಗಳ ವಿಷಯದಲ್ಲಿ, ಒಂದು ದೇಶವನ್ನು ಹೆಸರಿಸಿ ಖಂಡಿಸುವುದು ಸಲ್ಲದೆಂಬುದು ಭಾರತದ ನಿಲುವು. ಯುರೇನಿಯಂಗೆ ಈ ನಿಯಮ ಅಡ್ಡಬರಲಿಲ್ಲ.

ಭದ್ರತಾ ಮಂಡಳಿಗೆ ಹೋದ ಕೂಡಲೇ ಇರಾನ್ ಹೆಚ್ಚುವರಿ ಒಡಂಬಡಿಕೆಯ ಪಾಲನೆಯನ್ನು ನಿಲ್ಲಿಸಿತು. ಅಲ್ಲಿಂದ ಮುಂದಿನದು ದಿಗ್ಬಂಧನಗಳ ಇತಿಹಾಸ. ಅದರಲ್ಲಿ ಕಾಜೆಮಿಯ ಹೆಸರು ಮೆಲ್ಲಗೆ ಮರೆಯಾಯಿತು. 2006ರ ಜೂನ್ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಹೊಸ ಮಾನವಹಕ್ಕು ಪರಿಷತ್ತಿನ ಮೊದಲ ಅಧಿವೇಶನ ಸೇರಿದಾಗ ಇರಾನಿನ ನಿಯೋಗದಲ್ಲಿ ಕುಳಿತಿದ್ದವರಲ್ಲಿ ಮೊರ್ತಜಾವಿಯೂ ಒಬ್ಬ. ಪೆಟ್ಟಿನಿಂದ ಸಾವು ಎಂದು ನಿಜ ನುಡಿದಿದ್ದ ಅಬ್ತಾಹಿ 2009ರ ಚುನಾವಣೆಯ ಗಲಭೆಯ ನಂತರ ಎವಿನ್‌ನಲ್ಲಿ ಬಂದಿಯಾದರು. ಹಿಂದಿನ ತೂಕವೆಲ್ಲ ಇಳಿದ ಮೈಯಲ್ಲಿ, ಕೈದಿಯ ಉಡುಪಿನಲ್ಲಿ ಅವರಿಂದ ತಪ್ಪೊಪ್ಪಿಗೆ ಹೇಳಿಸಿ ದೂರದರ್ಶನದಲ್ಲಿ ತೋರಿಸಲಾಯಿತು. ಎಬಾದಿ ಅದೇ ವರ್ಷ ದೇಶ ಬಿಟ್ಟರು. ಮೊರ್ತಜಾವಿಗೆ ಕೊನೆಗೂ ಶಿಕ್ಷೆಯಾದದ್ದು 2017ರಲ್ಲಿ, 2009ರ ಕಹ್ರಿಜಕ್ ಬಂಧನ ಕೇಂದ್ರದ ಸಾವಿನ ಪ್ರಕರಣದಲ್ಲಿ, ಎರಡು ವರ್ಷ. ಕಾಜೆಮಿಯ ಸಾವಿಗಾಗಿ ಯಾರಿಗೂ ಒಂದು ದಿನದ ಶಿಕ್ಷೆಯೂ ಆಗಲಿಲ್ಲ.

ಮಗ ಕೆನಡಾದ ನ್ಯಾಯಾಲಯಗಳಲ್ಲೇ ಇರಾನಿನ ವಿರುದ್ಧ ದಾವೆ ಹೂಡಿದ. ಎಂಟು ವರ್ಷ ಮೆಟ್ಟಿಲು ಹತ್ತಿದ ಮೇಲೆ, 2014ರ ಅಕ್ಟೋಬರ್ 10ರಂದು, ಕೆನಡಾದ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರಲ್ಲಿ ಆರು ಮಂದಿ ಆತನ ವಿರುದ್ಧ ತೀರ್ಪಿತ್ತರು. ಪರರಾಷ್ಟ್ರವನ್ನು ತಮ್ಮ ನ್ಯಾಯಾಲಯಕ್ಕೆಳೆಯಲು ಕೆನಡಾದ ಕಾನೂನು ಬಿಡುವುದಿಲ್ಲ. ಭಯೋತ್ಪಾದನೆಗೆ 2012ರಲ್ಲಿ ಒಂದು ವಿನಾಯಿತಿ ಸೇರಿಸಿದ ಸಂಸತ್ತು ಚಿತ್ರಹಿಂಸೆಗೆ ಸೇರಿಸಿರಲಿಲ್ಲ. ಹೀಗಾಗಿ ತಾಯಿಯನ್ನು ಕಳೆದುಕೊಂಡವನಿಗೆ ಬಾಗಿಲು ಮುಚ್ಚಿದ್ದು ತೆಹರಾನ್ ಒಂದೇ ಅಲ್ಲ. ರಾಯಭಾರಿಯನ್ನು ಎರಡು ಸಲ ಹಿಂದಕ್ಕೆ ಕರೆಸಿದ ಸರಕಾರ ಈ ಕಾನೂನನ್ನು ತಿದ್ದುವ ಕೆಲಸಕ್ಕೆ ಕೈಹಾಕಲಿಲ್ಲ. ಅಷ್ಟು ಹೊತ್ತಿಗೆ ತೆಹರಾನಿನಲ್ಲಿ ಕೆನಡಾದ ರಾಯಭಾರ ಕಚೇರಿಯೇ ಇರಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ಅದನ್ನು ಮುಚ್ಚಲಾಗಿತ್ತು.

2015ರ ಜುಲೈ 14ರ ಒಪ್ಪಂದದಿಂದ ಪರಿಶೀಲಕರು ಮತ್ತೆ ಎಲ್ಲ ಬಾಗಿಲುಗಳನ್ನು ತಟ್ಟುವಂತಾಯಿತು. 2018ರ ಮೇ ತಿಂಗಳಲ್ಲಿ ಅಮೆರಿಕ ಅದರಿಂದ ಹೊರನಡೆಯಿತು. 2021ರ ಫೆಬ್ರವರಿಯಲ್ಲಿ ಇರಾನ್ ಹೆಚ್ಚುವರಿ ಒಡಂಬಡಿಕೆಯನ್ನು ಮತ್ತೆ ಕೈಬಿಟ್ಟಿತು. 2025ರ ಜೂನ್ 12ರಂದು ವಿಯೆನ್ನಾ ಮಂಡಳಿ ಇರಾನ್ ತನ್ನ ಕಟ್ಟುಪಾಡುಗಳನ್ನು ಪಾಲಿಸಿಲ್ಲವೆಂದು ನಿರ್ಣಯಿಸಿತು. ಮರುದಿನ ಇಸ್ರೇಲಿನ ವಿಮಾನಗಳು ಬಾಂಬು ಹಾಕತೊಡಗಿದವು. ಇಪ್ಪತ್ತೆರಡನೆಯ ತಾರೀಖು ಅಮೆರಿಕ ನತಾಂಜ್, ಫೊರ್ದೋ, ಇಸ್ಫಹಾನ್‌ಗಳ ಮೇಲೆ ದಾಳಿ ಮಾಡಿತು. ಜುಲೈ ಮೊದಲ ವಾರದಲ್ಲಿ ಪರಿಶೀಲಕರು ತೆಹರಾನ್ ಬಿಟ್ಟರು. ಶೇಕಡ 60ರವರೆಗೆ ಸಂಪನ್ನಗೊಳಿಸಿದ 440.9 ಕಿಲೋ ಯುರೇನಿಯಂ ದಾಳಿಯ ಹೊತ್ತಿಗೆ ಇರಾನಿನಲ್ಲಿತ್ತೆಂದು ಸಂಸ್ಥೆಯ ಅಂದಾಜು. ಆ ಸೆಪ್ಟೆಂಬರಿನ ವರದಿಯಲ್ಲಿ ಅದನ್ನು ತಾಳೆ ನೋಡಿ ದೃಢಪಡಿಸಲು ಸಂಸ್ಥೆಗೆ ಆಗಲಿಲ್ಲ.

ಜೂನ್ 23ರಂದು ಇಸ್ರೇಲಿನ ಬಾಂಬುಗಳು ಎವಿನ್ ಕಾರಾಗೃಹದ ಮೇಲೂ ಬಿದ್ದವು. ಕಾಜೆಮಿಯ ಬಂಧನವಾಗಿ ಅಂದಿಗೆ ಸರಿಯಾಗಿ ಇಪ್ಪತ್ತೆರಡು ವರ್ಷ. ಹೆಬ್ಬಾಗಿಲು, ಭೇಟಿಯ ಕೊಠಡಿ, ಚಿಕಿತ್ಸಾಲಯಗಳಿದ್ದ ಭಾಗ ಕುಸಿದವು. ಸತ್ತವರು ಎಪ್ಪತ್ತಕ್ಕೂ ಹೆಚ್ಚು ಎಂದು ಇರಾನಿನ ನ್ಯಾಯಾಂಗ ತಿಳಿಸಿತು. ಅವರಲ್ಲಿ ಕಾರಾಗೃಹದ ನೌಕರರಿದ್ದರು, ಬಂದಿಗಳಿದ್ದರು, ಬಂದಿಗಳನ್ನು ಕಾಣಲು ಬಂದಿದ್ದ ಮನೆಯವರೂ ಇದ್ದರು.